ಸೋವಿ ದೋಣಿ ಹುಡುಕುವ ಕೆಲಸ

ಮೂವತ್ನಾಲ್ಕನೆಯ ವಯಸ್ಸಿಗೆ ನನ್ನ ಕೆಲಸ ಮುಗಿಯಿತು. ಇದನ್ನು ನಿವೃತ್ತಿ ಎಂದರೆ ನಮ್ಮೂರು ರೋಣದಲ್ಲಿ ಜನ ನಗುತ್ತಾರೆ. ನಮ್ಮ ಓಣಿಯ ಸಾಲಿ ಮಾಸ್ತರರ ಹೆಂಡತಿ, “ನಮ್ಮ ಮನಿಯವ್ರದು ಇನ್ನಾ ಹತ್ತು ವರ್ಷ ಸರ್ವಿಸ್ ಐತಿ. ನಿಂದಾಗಲೇ ಮುಗೀತೇನವಾ? ಪೆನ್ಶನ್ ಬರತೈತೇನು?” ಎಂದು ಕೇಳಿದರು. ಪೆನ್ಶನ್ ಇಲ್ಲ. ಎಡಗಿವಿ ಕೇಳುವುದಿಲ್ಲ. ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯಬೇಕು. ತಲೆ ಮುಳುಗುವ ನೀರಿಗೆ ಇನ್ನು ಇಳಿಯಕೂಡದೆಂದು ಹುಬ್ಬಳ್ಳಿಯ ಕಿವಿ ಡಾಕ್ಟರರು ಬರೆದು ಸಹಿ ಮಾಡಿಕೊಟ್ಟಿದ್ದಾರೆ. ನನ್ನ ಕೆಲಸವಿದ್ದದ್ದೇ ತಲೆ ಮುಳುಗುವ ನೀರಿನಲ್ಲಿ.

ಈಗ ನಮ್ಮ ಕಡೆಯ ಹುಡುಗ ಹುಡುಗಿಯರು ಈ ಕೆಲಸಕ್ಕೆ ಹೊರಟಿದ್ದಾರೆ. ಶಿರೋಳದಿಂದ ಇಬ್ಬರು, ನರಗುಂದದಿಂದ ಒಬ್ಬಳು ಫೋನ್ ಮಾಡಿ ಕೇಳಿದರು. ಸಂಬಳ ಎಷ್ಟು, ಎಷ್ಟು ದೇಶ ನೋಡಬಹುದು ಎಂಬುದನ್ನು ಅವರು ಆಗಲೇ ಬೇರೆಯವರಿಂದ ತಿಳಿದುಕೊಂಡಿದ್ದರು. ಉಳಿದದ್ದನ್ನು ಬರೆಯುತ್ತೇನೆ. ಕಾಲೇಜಿನಿಂದಲೂ ದಿನಾಂಕ ಹಾಕಿ ಡೈರಿ ಬರೆಯುವ ಚಟ ನನಗಿದೆ. ಹಾಗಾಗಿ ಇದರಲ್ಲಿ ನೆನಪಿನ ಅಲಂಕಾರ ಕಡಿಮೆ.

ಕೆಲಸ ಏನೆಂದು ಮೊದಲು ಹೇಳಬೇಕು, ಏಕೆಂದರೆ ನಮ್ಮ ಅಪ್ಪನಿಗೇ ಅದು ಕೊನೆಯವರೆಗೂ ತಿಳಿಯಲಿಲ್ಲ. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಕಡಲೊಳಗೆ ಇಳಿಯುವುದಕ್ಕೆ ಸ್ಕೂಬಾ ಡೈವಿಂಗ್ ಅನ್ನುತ್ತಾರೆ. ಒಳ್ಳೆಯ ಹವಳ, ದೊಡ್ಡ ಮೀನು ನೋಡಬೇಕಾದರೆ ದಡದಿಂದ ದೂರ ಹೋಗಬೇಕು. ಅದಕ್ಕೆಂದೇ ನಾಲ್ಕೈದು ದಿನ ದಡ ಮುಟ್ಟದ ದೋಣಿಗಳಿವೆ. ಊಟ, ನಿದ್ದೆ, ಸ್ನಾನ ಎಲ್ಲ ಅದರಲ್ಲೇ. ಲಿವ್‌ಅಬೋರ್ಡ್ ಅಂತ ಅವುಗಳ ಹೆಸರು. ಗೋವಾದ ಒಂದು ಪ್ರವಾಸ ಕಂಪನಿ ನಮ್ಮ ಜನರನ್ನು ಮಾಲ್ಡೀವ್ಸಿಗೂ ಥಾಯ್ಲೆಂಡಿಗೂ ಕಳಿಸಿ ಇಂಥ ದೋಣಿ ಹತ್ತಿಸುತ್ತಿತ್ತು. ಅವುಗಳಲ್ಲಿ ಸೋವಿಯವನ್ನು ಹುಡುಕುವುದು, ಹತ್ತಿ ನೋಡುವುದು, ಇದು ಆದೀತು ಇದು ಬೇಡ ಎಂದು ಬರೆಯುವುದು ನನ್ನ ಕೆಲಸ. ಸೀಸನ್ನಿನಲ್ಲಿ ಗುಂಪಿನ ಜೊತೆ ಗೈಡ್ ಆಗಿ ಹೋಗುವುದೂ ಇತ್ತು. “ನನ್ನ ಮಗಳು ದೋಣಿ ವ್ಯಾಪಾರ ಮಾಡ್ತಾಳ” ಎಂದು ಅಪ್ಪ ತನ್ನ ಹತ್ತಿ ಅಡತಿ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ.

ಈಸಲು ಕಲಿತದ್ದು ಹೊಳೆಮಣ್ಣೂರಿನಲ್ಲಿ, ಅಜ್ಜನ ಮನೆಗೆ ಹೋದಾಗ, ಬೆನ್ನಿಗೆ ಬೆಂಡು ಕಟ್ಟಿಕೊಂಡು, ಮಲಪ್ರಭೆಯಲ್ಲಿ. ಉಳಿದದ್ದೆಲ್ಲ ಗೋವಾದಲ್ಲಿ.

ಕೆಲಸ ಕಲಿಸಿದವರು ಕಂಪನಿಯ ಮ್ಯಾನೇಜರ್ ಬ್ರಗಾಂಜಾ ಸಾಹೇಬರು. ಮೀಸೆ ಬೆಳ್ಳಗಾಗಿದ್ದ, ಸಿಟ್ಟು ಮೂಗಿನ ತುದಿಯಲ್ಲೇ ಇದ್ದ ಮನುಷ್ಯ. ಮೊದಲ ಸಲ ದೋಣಿ ಹತ್ತಿದಾಗ ನಾನು ನೇರವಾಗಿ ಕೋಣೆಗಳಿಗೆ ಹೋಗಿ ಹಾಸಿಗೆ ಒತ್ತಿ ನೋಡಿದೆ. ಅವರು ಬಾಗಿಲಲ್ಲಿ ನಿಂತು, “ಮದುವೆಗೆ ಗಾದಿ ಖರೀದಿ ಮಾಡಲು ಬಂದಿದ್ದೀಯಾ?” ಎಂದರು. ನಂತರ ಹಿಂಬದಿಗೆ ಕರೆದುಕೊಂಡು ಹೋಗಿ ಗಾಳಿ ತುಂಬುವ ಯಂತ್ರ ತೋರಿಸಿದರು. ಅದು ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿ ಎಲ್ಲಿದೆ, ಎಂಜಿನ್ನಿನ ಹೊಗೆ ಎಲ್ಲಿಂದ ಹೊರಬರುತ್ತದೆ ನೋಡು ಎಂದರು. ಎರಡೂ ಹತ್ತಿರವಿದ್ದರೆ ಅತಿಥಿ ನೀರಿನ ಕೆಳಗೆ ಹೊಗೆ ಕುಡಿಯುತ್ತಾನೆ. ಆಮೇಲೆ ಕೆಳಗಿನ ಅಂತಸ್ತಿನ ಕೋಣೆ. ಅಲ್ಲಿಂದ ಹೊರಬರಲು ಎರಡನೆಯ ದಾರಿ ಇರಬೇಕು. ನಕ್ಷೆಯಲ್ಲಿದ್ದರೆ ಸಾಲದು. ಅದರ ಮುಚ್ಚಳ ತೆಗೆದು, ನೀನೇ ಅದರಲ್ಲಿ ತೂರಿ ಹೊರಗೆ ಬಾ. ಆಮೇಲೆ ಆಮ್ಲಜನಕದ ಬಾಟಲಿ, ಅದರ ಬಾಯಿ ತಿರುವಿ ನೋಡು. ಕೊನೆಗೆ ದೋಣಿಯ ಆಳುಗಳು ಮಲಗುವ ಜಾಗ. ಆಳುಗಳನ್ನು ಸರಕಿನ ನಡುವೆ ಮಲಗಿಸುವ ಮಾಲೀಕ ಅತಿಥಿಗಳ ವಿಷಯದಲ್ಲೂ ಎಲ್ಲೋ ಕಳ್ಳತನ ಮಾಡಿರುತ್ತಾನೆ.

ಅವರಿಂದ ಕಲಿತ ಇನ್ನೊಂದು ಮಾತು ನಿಮಗೆ ಉಪಯೋಗ ಬಂದೀತು. ಸೋವಿ ಎಂದರೆ ಕೆಟ್ಟದ್ದಲ್ಲ, ಯಾವುದರಲ್ಲಿ ಉಳಿಸಿದ್ದಾರೆ ಎಂದು ಕೇಳು ಎನ್ನುತ್ತಿದ್ದರು. ಬಣ್ಣದಲ್ಲಿ ಉಳಿಸಿದ್ದರೆ, ಪಾಯಖಾನೆ ಹಂಚಿಕೊಳ್ಳಬೇಕಾಗಿದ್ದರೆ, ಕೋಣೆ ಎಂಜಿನ್ ಪಕ್ಕದಲ್ಲಿದ್ದು ಗುಡುಗುಡು ಸದ್ದಿದ್ದರೆ, ಸೀಸನ್ನಿನ ಮೊದಲ ವಾರಕ್ಕೋ ಕೊನೆಯ ವಾರಕ್ಕೋ ಹೋದರೆ ಕಡಿಮೆಯಾಗುವುದಿದ್ದರೆ, ಕಣ್ಣು ಮುಚ್ಚಿ ಒಪ್ಪಿಕೋ. ರಾತ್ರಿ ಎಚ್ಚರವಿರುವ ಕಾವಲುಗಾರನಲ್ಲಿ, ಗೈಡ್‌ಗಳ ಸಂಖ್ಯೆಯಲ್ಲಿ, ಯಂತ್ರದ ಗಾಳಿ ಸೋಸುವ ಜಾಲರಿಯಲ್ಲಿ ಉಳಿಸಿದ್ದರೆ ಇಳಿದು ಬಾ. ಅಲ್ಲದೆ, ಬರೆದ ದರ ಕಡಿಮೆಯಿದ್ದು ಸರ್ಕಾರ ಕಾಯ್ದಿಟ್ಟ ಕಡಲ ಉದ್ಯಾನದ ಶುಲ್ಕ, ಇಂಧನದ ಹೆಚ್ಚುವರಿ, ಸಾಮಾನಿನ ಬಾಡಿಗೆ ಎಲ್ಲ ದೋಣಿ ಹತ್ತಿದ ಮೇಲೆ ಕೇಳುವವರಿದ್ದಾರೆ. ಕೂಡಿಸಿದರೆ ಅದು ಸೋವಿಯೇ ಅಲ್ಲ. ಈ ಪಾಠ ನನಗೆ ಮೊದಲ ವರ್ಷವೇ, ಹದಿನಾಲ್ಕು ಮಂದಿ ಅತಿಥಿಗಳ ಎದುರು, ಹಡಗುಕಟ್ಟೆಯ ಮೇಲೆ ನಿಂತು ಬೈಸಿಕೊಳ್ಳುತ್ತ ಆಯಿತು.

ಹೀಗೆ ನಲವತ್ತೊಂದು ದೋಣಿ ಹತ್ತಿದೆ. ಹದಿನಾರಕ್ಕೆ ‘ಆದೀತು’ ಎಂದು ಬರೆದೆ.

ನಮ್ಮ ಕಡೆಯವರು ಬರತೊಡಗಿದ್ದು ನಾನು ಸೇರಿ ಮೂರು ವರ್ಷಕ್ಕೆ. ಮುರುಡೇಶ್ವರದ ಕಡೆ ಹೋಗಿ ಡೈವಿಂಗ್ ಕಲಿತವರು ಗಜೇಂದ್ರಗಡದಲ್ಲೂ ನರಗುಂದದಲ್ಲೂ ಇದ್ದಾರೆ ಎಂದು ಗೊತ್ತಾದಾಗ ನನಗೇ ಆಶ್ಚರ್ಯ. ಅವರ ಮೊದಲ ಪ್ರಶ್ನೆ ಯಾವಾಗಲೂ ಊಟದ್ದು. ನರಗುಂದದ ಬಸವರಾಜಪ್ಪ ಎಂಬ ಕಡಲೆ ವ್ಯಾಪಾರಿ ಒಂದು ಡಬ್ಬಿ ತುಂಬ ಖಡಕ್ ರೊಟ್ಟಿ ತಂದಿದ್ದರು. ದೋಣಿಯ ಅಡುಗೆಯವನು ಅದನ್ನು ಬಡಿದು ನೋಡಿ ಇದೇನು ಎಂದು ಕೇಳಿದ. “ದೋಣಿಗಿ ತೂತು ಬಿದ್ರ ಇದನ್ನ ಬಡೀಬೇಕು ಅಂತ ಹೇಳ್ರಿ ಅವಂಗ” ಎಂದರು ಬಸವರಾಜಪ್ಪ. ನಾನು ಹೇಳಿದೆ. ಅವನು ನಂಬಿದ.

ಬ್ರಗಾಂಜಾ ಸಾಹೇಬರು ಕಂಪನಿ ಬಿಟ್ಟು ಹೋದ ಮೇಲೆ ಕೆಲಸದ ರೀತಿಯೇ ಬದಲಾಯಿತು. ಅವರ ಜಾಗಕ್ಕೆ ಸಂಕೇತ ಎಂಬ ಮ್ಯಾನೇಜರ್ ಬಂದ. ನನಗಿಂತ ಎರಡು ವರ್ಷ ಚಿಕ್ಕವನು, ಜಾಣ, ಒಂದು ದಿನವೂ ದನಿ ಏರಿಸಿದವನಲ್ಲ. ದೋಣಿ ಹತ್ತಿ ನೋಡಲು ಕಳಿಸುವುದು ದಂಡ ಎಂದು ಅವನ ಲೆಕ್ಕ. ಮಾಲೀಕರು ಕಳಿಸಿದ ಫೋಟೋ, ಡ್ರೋನ್ ವಿಡಿಯೋ, ಹೋಗಿ ಬಂದವರು ಐದಕ್ಕೆ ಇಷ್ಟೆಂದು ಆನ್‌ಲೈನಿನಲ್ಲಿ ಕೊಟ್ಟ ಚುಕ್ಕೆಗಳು, ಇಷ್ಟರ ಮೇಲೆ ಪಟ್ಟಿ ತಯಾರಾಗತೊಡಗಿತು. ಊಟಕ್ಕೆ ಜನ ಚುಕ್ಕೆ ಕೊಡುತ್ತಾರೆ. ಕೆಳಗಿನ ಅಂತಸ್ತಿನ ಎರಡನೆಯ ದಾರಿಗೆ ಯಾರೂ ಕೊಟ್ಟದ್ದನ್ನು ನಾನು ನೋಡಿಲ್ಲ.

ಹೊಸ ಪದ್ಧತಿಯಲ್ಲೂ ನಾನು ಹತ್ತಿ ನೋಡಿದ ಕಡೆಯ ಕೆಲವು ದೋಣಿಗಳಲ್ಲಿ ಥಾಯ್ಲೆಂಡಿನ ಪಶ್ಚಿಮ ಕಡಲಿನದೊಂದು ಇತ್ತು. ಹೆಸರು ಬೇಡ, ನೀಲಿ ದೋಣಿ ಎನ್ನುತ್ತೇನೆ. ನೋಡಲು ಚಂದ. ದರ ಕಡಿಮೆ. ಗಾಳಿಯಂತ್ರದ ಕೊಳವೆ ಹೊಗೆಯ ಪಕ್ಕದಲ್ಲಿತ್ತು, ಎರಡನೆಯ ದಾರಿಯ ಮೇಲೆ ಐಸ್ ಪೆಟ್ಟಿಗೆ ಇಟ್ಟಿದ್ದರು, ಮತ್ತು ಬಿಲ್ಲೆಗಳಿರಲಿಲ್ಲ. ಬಿಲ್ಲೆ ಅಂದರೆ, ಒಳ್ಳೆಯ ದೋಣಿಯಲ್ಲಿ ನೀರಿಗಿಳಿಯುವ ಜಾಗದ ಹತ್ತಿರ ಒಂದು ಹಲಗೆ ಇರುತ್ತದೆ. ಅದರಲ್ಲಿ ಪ್ರತಿಯೊಬ್ಬರ ನಂಬರಿನ ತಗಡಿನ ಬಿಲ್ಲೆ. ಇಳಿಯುವಾಗ ಅವರೇ ತೆಗೆದುಕೊಂಡು ಹೋಗಬೇಕು, ಹತ್ತಿದ ಮೇಲೆ ತಾವೇ ತಂದು ಸಿಕ್ಕಿಸಬೇಕು. ಒಂದು ಮೊಳೆ ಖಾಲಿ ಇದ್ದರೂ ದೋಣಿ ಅಲುಗಕೂಡದು. ನೀಲಿ ದೋಣಿಯಲ್ಲಿ ಹಲಗೆ ಇತ್ತು, ಮೊಳೆಗಳಿದ್ದವು, ಮೊಳೆಗಳಿಗೆ ಒದ್ದೆ ಟವೆಲು ತೂಗುಹಾಕಿದ್ದರು. ‘ಬೇಡ’ ಎಂದು ಬರೆದೆ.

ಸಂಕೇತ ಅದನ್ನು ಮಾಲೀಕನಿಗೆ ಕಳಿಸಿದ. ಕೊಳವೆಯನ್ನು ಉದ್ದ ಮಾಡಿದರು, ಐಸ್ ಪೆಟ್ಟಿಗೆ ಸರಿಸಿದರು, ಎರಡರ ಫೋಟೋ ಬಂತು. ಬಿಲ್ಲೆ? “ಅಲ್ಲಿಯ ಡೈವ್ ಮುಖ್ಯಸ್ಥ ಹೆಸರು ಕೂಗಿ ಗುರುತು ಹಾಕಿಕೊಳ್ಳುತ್ತಾನಂತೆ. ಅದು ಇನ್ನೂ ಒಳ್ಳೆಯದಲ್ಲವೇ, ಮನುಷ್ಯ ಸಂಪರ್ಕ ಇರುತ್ತದೆ” ಎಂದ ಸಂಕೇತ. ಮೂರರಲ್ಲಿ ಎರಡು ಸರಿಯಾದರೆ ಪಾಸ್. ನೀಲಿ ದೋಣಿ ಪಟ್ಟಿಗೆ ಸೇರಿತು.

ಆ ಚಳಿಗಾಲ ಬಸವರಾಜಪ್ಪ ಆರು ಮಂದಿಯ ಗುಂಪು ಕಟ್ಟಿದರು. ಅದರಲ್ಲಿ ಈರಣ್ಣನವರಿದ್ದರು. ಗಜೇಂದ್ರಗಡದಲ್ಲಿ ಸೀರೆ ಅಂಗಡಿ, ನಲವತ್ತೈದರ ಆಸುಪಾಸು, ಮಾತು ಕಡಿಮೆ. ಅವರ ಮೂಲ ಊರು ಹೊಳೆಮಣ್ಣೂರು, ಅದೇ ನನ್ನ ಅಜ್ಜನ ಊರೆಂದು ತಿಳಿದ ಮೇಲೆ ನನ್ನನ್ನು ಮೇಡಂ ಎನ್ನುವುದು ಬಿಟ್ಟು ತಂಗಿ ಎನ್ನತೊಡಗಿದರು. ಅವರ ತಮ್ಮ ಹೊಳೆಗೆ ಮಹಾಪೂರ ಬಂದ ವರ್ಷ ತೇಲಿ ಹೋಗಿದ್ದ. ಆಮೇಲೆ ತಾಯಿ ಈರಣ್ಣನವರ ಕೈ ತನ್ನ ತಲೆಯ ಮೇಲೆ ಇಡಿಸಿಕೊಂಡು, ಇನ್ನು ನೀರಿಗೆ ಇಳಿಯುವುದಿಲ್ಲ ಎಂದು ಆಣೆ ಮಾಡಿಸಿದ್ದರು. ಮಗ ಡೈವಿಂಗ್ ಕಲಿತದ್ದು ತಾಯಿಗೆ ಗೊತ್ತಿರಲಿಲ್ಲ. ಈ ಸಲ ಸೂರತ್ತಿಗೆ ಮಾಲು ತರಲು ಹೊರಟಿದ್ದೇನೆ ಎಂದು ಹೇಳಿ ಬರುವವರಿದ್ದರು. ಇದನ್ನು ಅವರೇ ನಗುತ್ತ ಹೇಳಿದರು, ಎಲ್ಲರೂ ನಕ್ಕೆವು.

ನಾನು ಅವರಿಗೆ ಬೇರೊಂದು ದೋಣಿ ಹೇಳಿದೆ. ಹಳೆಯ ಮರದ ದೋಣಿ, ಬಣ್ಣ ಹೋಗಿದೆ, ಆರು ಜನಕ್ಕೆ ಒಂದು ಸ್ನಾನದ ಮನೆ. ಆದರೆ ಬಿಲ್ಲೆಯಿಂದ ಹಿಡಿದು ಎಲ್ಲವೂ ಸರಿ. ದರವೂ ಹೆಚ್ಚುಕಡಿಮೆ ಅಷ್ಟೇ. ಬಸವರಾಜಪ್ಪ ಎರಡೂ ದೋಣಿಗಳ ಫೋಟೋ ತಮ್ಮ ಗುಂಪಿಗೆ ಕಳಿಸಿದರು. ನೀಲಿ ದೋಣಿಯಲ್ಲಿ ಕೋಣೆಗೊಂದು ಸ್ನಾನದ ಮನೆ. ಅಲ್ಲಿಗೆ ತೀರ್ಮಾನವಾಯಿತು. ಇದನ್ನು ನಾನು ಬೇಡವೆಂದು ಬರೆದಿದ್ದೇನೆ ಎಂದರೆ, “ಬ್ಯಾಡ ಅಂದ್ರ ನಿಮ್ಮ ಕಂಪನಿ ಪಟ್ಟ್ಯಾಗ ಯಾಕ್ ಇಟ್ಟೈತ್ರಿ?” ಎಂದು ಕೇಳಿದರು. ಈರಣ್ಣನವರು, “ತಂಗಿ ಜೋಡಿ ಇರ್ತಾಳಲ್ಲ ಬಿಡ್ರಿ” ಎಂದರು. ಸಂಕೇತ ನನ್ನನ್ನೇ ಜೊತೆಗೆ ಕಳಿಸಿದ.

ನೀಲಿ ದೋಣಿಯ ಡೈವ್ ಮುಖ್ಯಸ್ಥನ ಹೆಸರು ಮಾರ್ಕೊ. ಯುರೋಪಿನವನು, ಬಿಸಿಲಿಗೆ ಸುಟ್ಟ ಮೈ, ಯಾವಾಗಲೂ ಖುಷಿ. ಅವನ ಬಗ್ಗೆ ನನ್ನ ಡೈರಿಯಲ್ಲಿ ಕೆಟ್ಟ ಮಾತು ಒಂದೂ ಇಲ್ಲ. ಮೊದಲ ದಿನ ಅವನು ಹೆಸರು ಕೂಗಿದಾಗ ನಮ್ಮವರು ಒಬ್ಬರು ಯೆಸ್ ಎಂದರು, ಒಬ್ಬರು ಹಾಂ ಎಂದರು, ಒಬ್ಬರು ಕೈ ಎತ್ತಿದರು. ಎರಡನೆಯ ದಿನ ಬಸವರಾಜಪ್ಪ ಅವನಿಗೆ ಕನ್ನಡ ಕಲಿಸಲು ಕೂತರು. ದೋಣಿಗೆ ಬಂದಿದ್ದೇನೆ ಎನ್ನಲು ಏನನ್ನಬೇಕು? ‘ಬಂದೆ.’ ಮಾರ್ಕೊಗೆ ಅದು ಬಹಳ ಹಿಡಿಸಿತು. ಅಂದಿನಿಂದ ಅವನು ಹೆಸರು ಕೂಗುವುದು, ಇವರು ಬಂದೆ ಎನ್ನುವುದು. ಬೇರೆ ದೇಶದ ಅತಿಥಿಗಳೂ ಬಂದೆ, ಬಂದೆ ಎಂದು ಉತ್ತರ ಕೊಟ್ಟು ನಗುತ್ತಿದ್ದರು. ಪಾಠ ನಡೆದಾಗ ನಾನು ನೆಗಡಿಯಿಂದ ಮೂಗು ಕಟ್ಟಿಕೊಂಡು ಚಹ ಕುಡಿಯುತ್ತ ಅಲ್ಲೇ ಪಕ್ಕದಲ್ಲಿದ್ದೆ. ನನಗೂ ನಗು ಬಂತು.

ನಾವು ಆ ಶಬ್ದವನ್ನು ಹೇಗೆ ಬಳಸುತ್ತೇವೆ ಎಂಬುದು ನಮಗೆ ಯಾರಿಗೂ ಹೊಳೆಯಲಿಲ್ಲ. ಅವ್ವ ಅಡುಗೆಮನೆಯಿಂದ ಊಟಕ್ಕೆ ಕೂಗುತ್ತಾಳೆ, ಕಟ್ಟೆಯ ಮೇಲಿಂದ ಬಂದೆ ಎನ್ನುತ್ತೇವೆ, ಇನ್ನೂ ಎದ್ದೇ ಇರುವುದಿಲ್ಲ. ರೋಣದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಕಾಯುತ್ತಿರುತ್ತಾನೆ, ಫೋನಿನಲ್ಲಿ ಇನ್ನೊಬ್ಬ ಬಂದೆ, ಬಂದೆ ಎನ್ನುತ್ತಾನೆ, ಅವನ ಬಸ್ಸು ಇನ್ನೂ ಗದಗ ಬಿಟ್ಟಿರುವುದಿಲ್ಲ. ಬರುವ ಮೊದಲೇ ಬಂದೆ ಎನ್ನುವ ಜನ ನಾವು.

ಮೂರನೆಯ ದಿನ ಮಧ್ಯಾಹ್ನ, ಕಡಲ ನಡುವೆ ಎರಡು ಬಂಡೆ ತಲೆ ಎತ್ತಿ ನಿಂತಿದ್ದ ಜಾಗದಲ್ಲಿ ಗುಂಪು ನೀರಿಗಿಳಿಯಿತು. ನೆಗಡಿ ಇದ್ದರೆ ಇಳಿಯಬಾರದು, ಕಿವಿಯ ಒತ್ತಡ ಬಿಡುವುದಿಲ್ಲ. ಹಾಗಾಗಿ ನಾನು ಮೇಲೆಯೇ ಉಳಿದೆ. ನಮ್ಮವರಲ್ಲಿ ಒಬ್ಬರಿಗೆ ವಾಂತಿ ಹತ್ತಿತ್ತು. ಅವರಿಗೆ ಉಪ್ಪು ಸಕ್ಕರೆ ನೀರು ಕುಡಿಸುತ್ತ ಕೆಳಗಿನ ಕೋಣೆಯಲ್ಲಿದ್ದೆ. ಮೇಲೆ ಜನ ಹತ್ತುವ ಸದ್ದು, ಸಿಲಿಂಡರು ಇಡುವ ಸದ್ದು, ಮಾರ್ಕೊ ಹೆಸರು ಕೂಗುವುದು, ಬಂದೆ, ಬಂದೆ. ಎಂಜಿನ್ ಜೋರಾಯಿತು. ಮತ್ತೊಂದು ದೋಣಿ ಆ ಜಾಗಕ್ಕಾಗಿ ಕಾದು ನಿಂತಿತ್ತು, ಆದ್ದರಿಂದ ಅವಸರ.

ನಾನು ಮೇಲೆ ಬಂದು ಅಭ್ಯಾಸದಂತೆ ಬೆಂಚು ನೋಡಿದೆ. ಪ್ರತಿಯೊಬ್ಬರ ಜಾಗದ ಹಿಂದೆ ಅವರವರ ಸಿಲಿಂಡರು ನಿಂತಿರುತ್ತದೆ. ಈರಣ್ಣನವರ ಜಾಗದಲ್ಲಿ ಗುಳಿ ಖಾಲಿ ಇತ್ತು.

ಮಾರ್ಕೊ ತನ್ನ ಹಾಳೆ ತೋರಿಸಿದ. ಈರಣ್ಣನ ಹೆಸರಿನ ಮುಂದೆ ಗುರುತಿತ್ತು. ಅವನು ಉತ್ತರ ಕೊಟ್ಟ, ನಾನು ಕಿವಿಯಾರೆ ಕೇಳಿದ್ದೇನೆ ಎಂದ. ಬಸವರಾಜಪ್ಪ ಕೂಡ, “ಹೌದ್ರಿ, ನಾನೂ ಕೇಳೇನಿ, ಬಂದೆ ಅಂದ” ಎಂದರು. ಸ್ನಾನದ ಮನೆ, ಕೋಣೆ, ಮೇಲಿನ ಅಟ್ಟ ಎಲ್ಲ ನೋಡಿದರು. ದೋಣಿ ನಡೆಸುತ್ತಿದ್ದ ನಾಯಕನಿಗೆ ತಿರುಗಿಸಲು ಮನಸ್ಸಿರಲಿಲ್ಲ. ಒಳಗೆ ಸರಿಯಾಗಿ ಹುಡುಕಿ ಎಂದ. ನಾನು ಅವನ ಚಕ್ರಕ್ಕೇ ಕೈ ಹಾಕಿದೆ. ತಿರುಗಿಸಿದ.

ಬಂಡೆಗಳ ಹತ್ತಿರ ಬಂದಾಗ ನೀರಿನ ಮೇಲೆ ಒಂದು ಹಳದಿ ಈಜುರೆಕ್ಕೆ ತೇಲುತ್ತಿತ್ತು. ಕಾಲಿಗೆ ಹಾಕಿಕೊಳ್ಳುವಂಥದ್ದು, ಅವರದೇ. ಮನುಷ್ಯನಿಲ್ಲ. ರಬ್ಬರಿನ ಸಣ್ಣ ದೋಣಿಯನ್ನು ಬಂಡೆಯ ಆಚೆ ಕಳಿಸಿದರು. ಮಾರ್ಕೊ ಇನ್ನೂ ಹೊಸ ಸಿಲಿಂಡರು ಜೋಡಿಸುತ್ತಿದ್ದ. ಗೈಡ್‌ಗೆಂದು ಜೋಡಿಸಿಟ್ಟ ಒಂದು ಇತ್ತು. ಅದನ್ನು ಹಾಕಿಕೊಂಡು ನಾನು ಇಳಿದೆ. ಮೂಗು ಹಿಡಿದು ಊದಿದೆ, ಕಿವಿ ಬಿಡಲಿಲ್ಲ. ಮೇಲೆ ಬಂದು ಮತ್ತೆ ಪ್ರಯತ್ನಿಸಬೇಕು ಎಂದು ನಾನೇ ನೂರಾರು ಜನರಿಗೆ ಹೇಳಿಕೊಟ್ಟವಳು. ಕೆಳಗೆ ಅವರು ಬಿದ್ದಿದ್ದಾರೆ ಎಂದುಕೊಂಡಿದ್ದೆ, ಇಳಿಯುತ್ತಲೇ ಹೋದೆ. ಎಡಗಿವಿಯೊಳಗೆ ಹಸಿ ಬಟ್ಟೆ ಸೀಳಿದಂಥ ಸದ್ದು. ನಂತರ ಕಡಲು ಗಿರಗಿಟ್ಟೆಯಂತೆ ತಿರುಗಿತು. ಮೇಲು ಯಾವುದು ಕೆಳಗು ಯಾವುದು ತಿಳಿಯಲಿಲ್ಲ. ಹಿಂದೆ ಇಳಿದುಬಂದ ಮಾರ್ಕೊ ನನ್ನ ತೋಳು ಹಿಡಿದು ಮೇಲೆ ತಂದ.

ದೋಣಿಯ ಮೇಲೆ ಮಲಗಿ ಕಾರಿಕೊಳ್ಳುತ್ತಿದ್ದಾಗ ಒಂದೇ ಕಿವಿಯಲ್ಲಿ ಜನರ ಕೇಕೆ ಕೇಳಿಸಿತು. ಬಂಡೆಯ ಆಚೆ, ಜಾಗಕ್ಕಾಗಿ ಕಾದಿದ್ದ ದೋಣಿಯವರಿಗೂ ಕಾಣದ ಕಡೆ, ದೋಣಿ ಕಟ್ಟುವ ತೇಲುಗುಂಡಿನ ಹಗ್ಗ ಹಿಡಿದು ಈರಣ್ಣನವರು ತೇಲುತ್ತಿದ್ದರಂತೆ. ರಬ್ಬರ್ ದೋಣಿ ಅವರನ್ನು ಕರೆತಂದಿತ್ತು. ಈಜುರೆಕ್ಕೆಯ ಪಟ್ಟಿ ಹರಿದು ಅವರು ಹಿಂದುಳಿದಿದ್ದರು. ಕೂಗಿದರೆ ಕೇಳುವಷ್ಟು ಹತ್ತಿರ, ಒಂದು ರೆಕ್ಕೆಯಲ್ಲಿ ಈಸಿ ಮುಟ್ಟಲಾಗದಷ್ಟು ದೂರ. ಮಾರ್ಕೊ ಹೆಸರು ಕೂಗಿದ್ದು ಕೇಳಿ, ನೀರಿನಿಂದಲೇ ಉತ್ತರ ಕೊಟ್ಟಿದ್ದರು. ಎಂಜಿನ್ ಸದ್ದಿನಲ್ಲಿ ಆಮೇಲಿನ ಕೂಗು ಯಾರಿಗೂ ಕೇಳಿಸಿರಲಿಲ್ಲ, ಸೆಳೆತ ಅವರನ್ನು ಬಂಡೆಯ ಆಚೆ ಒಯ್ದಿತ್ತು.

ಬಸವರಾಜಪ್ಪ ಅವರ ಮೈ ಒರೆಸುತ್ತ, “ಏನಲೇ ಈರಣ್ಣಾ, ಬಂದೆ ಅಂದಿ, ಬರಲೇ ಇಲ್ಲಲ್ಲೋ” ಎಂದರು.

“ಬರಾಕತ್ತಿದ್ನೋ,” ಎಂದರು ಈರಣ್ಣನವರು. ಹಲ್ಲು ಕಟಕಟ ಎನ್ನುತ್ತಿತ್ತು. “ಬರಾಕತ್ತಿದ್ದೆ, ಅದಕ್ಕ ಬಂದೆ ಅಂದೆ.”

ನಮ್ಮವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಏನೆಂದು ಮಾರ್ಕೊ ನನ್ನನ್ನು ಕೇಳಿದ. ನಮ್ಮಲ್ಲಿ ಬಂದಿದ್ದಕ್ಕೂ ಈಗ ಬರುತ್ತಿರುವುದಕ್ಕೂ ಒಂದೇ ಶಬ್ದ ಎಂದು ಹೇಳಿದೆ. ಅವನೊಬ್ಬನೇ ನಗಲಿಲ್ಲ.

ಮುಂದಿನದು ದವಾಖಾನೆಗಳ ಕಥೆ, ಅದನ್ನು ಬಿಡುತ್ತೇನೆ. ಮಲಗಿದಲ್ಲಿಂದಲೇ ವರದಿ ಬರೆದು ಸಂಕೇತನಿಗೆ ಕಳಿಸಿದೆ. ನೀಲಿ ದೋಣಿಯನ್ನು ಪಟ್ಟಿಯಿಂದ ತೆಗೆಯಬೇಕು, ಬಿಲ್ಲೆ ಬರುವವರೆಗೆ ಯಾರನ್ನೂ ಕಳಿಸಬಾರದು ಎಂದಷ್ಟೇ ಕೇಳಿದ್ದು. ನನ್ನ ಕಿವಿ ಮರಳಿ ಬಾರದು ಎಂದು ಡಾಕ್ಟರರು ಹೇಳಿಯಾಗಿತ್ತು. ಇನ್ನೊಬ್ಬ ಹಾಗೆ ಉಳಿದು, ತೇಲುಗುಂಡು ಸಿಗದೆ ಹೋಗುವ ಮೊದಲು ಇದೊಂದು ಆಗಬೇಕು ಎನಿಸಿತ್ತು.

ಸಂಕೇತ ಬಹಳ ಮರ್ಯಾದೆಯಿಂದ ಉತ್ತರಿಸಿದ. ಸಿಬ್ಬಂದಿಗೆ ಆದ ಗಾಯದ ಫೈಲು ಬೇರೆ, ದೋಣಿಯ ಫೈಲು ಬೇರೆ. ದೋಣಿಯನ್ನು ತೆಗೆಯಬೇಕಾದರೆ ಅತಿಥಿ ದೂರು ಕೊಡಬೇಕು. ಆರು ಜನ ಅತಿಥಿಗಳು ಹೋಗಿದ್ದರು, ಒಂದೂ ದೂರು ಬಂದಿಲ್ಲ. “ಈರಣ್ಣನವರಿಂದ ನಾಲ್ಕು ಸಾಲು ಬರೆಸಿ ಕಳಿಸಿ, ಅದೇ ದಿನ ತೆಗೆಯುತ್ತೇನೆ” ಎಂದ. ಮಾತು ಕೊಟ್ಟಂತೆಯೇ ಮಾಡುವವನು ಅವನು, ಅದು ನನಗೆ ಗೊತ್ತಿತ್ತು.

ಫೋನ್ ಮಾಡಿದರೆ ಈರಣ್ಣನವರು ಎತ್ತಲಿಲ್ಲ. ಕಿವಿಗೆ ಹತ್ತಿ ಇಟ್ಟುಕೊಂಡು ಗಜೇಂದ್ರಗಡದ ಬಸ್ ಹತ್ತಿದೆ. ರಸ್ತೆಯ ತಿರುವು ಬಂದಾಗಲೆಲ್ಲ ಮುಂದಿನ ಸೀಟು ಹಿಡಿಯಬೇಕಾಗಿತ್ತು. ಅಂಗಡಿಯ ಗಾದಿಯ ಮೇಲೆ ಅವರ ತಾಯಿ ಕೂತಿದ್ದರು. ಈರಣ್ಣನವರು ನನ್ನನ್ನು ನೋಡಿ, “ಬರ್ರಿ, ಬರ್ರಿ” ಎಂದರು. ತಾಯಿಗೆ, ಇವರು ಸೂರತ್ ಪಾರ್ಟಿಯ ಕಡೆಯವರು ಎಂದು ಹೇಳಿದರು. ಅಷ್ಟು ಹೇಳಿ ಸೀರೆ ಬಿಚ್ಚತೊಡಗಿದರು. ಒಂದರ ಮೇಲೊಂದು, ನಾನು ಕೇಳದಿದ್ದರೂ, ಸೆರಗು ಹರವಿ ಅಂಚು ತೋರಿಸುತ್ತ. ನಮ್ಮಿಬ್ಬರ ನಡುವೆ ಸೀರೆಯ ಗುಡ್ಡವಾಯಿತು. ಅದರ ಮರೆಯಲ್ಲಿ ನಾನು ಮೆಲ್ಲಗೆ ವಿಷಯ ಹೇಳಿದೆ.

“ಬರದುಕೊಟ್ರ ಒಂದಿಲ್ಲಾ ಒಂದ್ ದಿನ ಹೊರಗ ಬೀಳತೈತಿ ತಂಗಿ. ಅವ್ವ ಅನ್ನ ಬಿಡ್ತಾಳ.”

ಮುಂದಿನ ಸಲ ಯಾರಾದರೂ ಸತ್ತರೆ ಎಂದು ಕೇಳಿದೆ.

“ಯಾರೂ ಸಾಯಲಿಲ್ಲಲ್ಲ,” ಎಂದರು. ಮತ್ತೊಂದು ಸೀರೆಯ ಮಡಿಕೆ ಬಿಚ್ಚಿದರು.

ತಾಯಿ ಅತ್ತಕಡೆಯಿಂದ ನನ್ನ ಕಿವಿಯ ಹತ್ತಿ ನೋಡುತ್ತಿದ್ದರು. “ಕಿವಿಗೇನಾಗೇತಿ ಯವ್ವಾ?”

“ನೀರು ಹೋಗಿತ್ರಿ,” ಎಂದೆ.

“ನೀರಿನ ಗೊಡವಿಗಿ ಹೋಗಬಾರದವ್ವ. ನಮ್ಮ ಈರಣ್ಣನ್ನ ನೋಡು, ಇಷ್ಟ್ ವರ್ಷ ಆತು, ಹಳ್ಳದ ನೀರಿಗೂ ಇಳದಿಲ್ಲ ಅಂವ. ಹೇಳಿದ ಮಾತು ಕೇಳ್ತಾನ ನನ್ನ ಮಗ.”

ಈರಣ್ಣನವರು ಬಿಚ್ಚಿದ ಸೀರೆಗಳನ್ನು ಮಡಿಸತೊಡಗಿದರು. ಅಲ್ಲಿಯೇ ಹೇಳಿಬಿಡಬಹುದಿತ್ತು. ಹೇಳದೆ ಇದ್ದುದಕ್ಕೆ ದಯೆ ಕಾರಣವಲ್ಲ. ಆ ಮುದುಕಿಯ ಅಳುವಿನಿಂದ ಪಟ್ಟಿಯಲ್ಲಿ ಒಂದು ಹೆಸರೂ ಅಳಿಯುತ್ತಿರಲಿಲ್ಲ. ಬರೆದುಕೊಡಬೇಕಾದವನು ಸೀರೆ ಮಡಿಸುತ್ತಿದ್ದ. ಎದ್ದಾಗ ಅವರು ಒಂದು ಸೀರೆ ಕಾಗದದಲ್ಲಿ ಸುತ್ತಿ ನನ್ನ ಕೈಗೆ ತುರುಕಿದರು. ಹೊರಗೆ ಬಂದು ಅಂಗಡಿಯ ಕಟ್ಟೆಯ ಮೇಲೆ ಅದನ್ನಿಟ್ಟು ಬಸ್ ಸ್ಟ್ಯಾಂಡಿನ ಕಡೆ ನಡೆದೆ.

ಬಸವರಾಜಪ್ಪನವರನ್ನೂ ಕೇಳಿದೆ. ನೀರಿನಲ್ಲಿ ಉಳಿದವನೇ ಬರೆಯುವುದಿಲ್ಲ ಎಂದ ಮೇಲೆ ನಾನು ಯಾಕೆ ಬರೆಯಲಿ ಎಂದರು. ಉಳಿದ ನಾಲ್ವರು ಅವರನ್ನು ಕೇಳಿ ಹೇಳುತ್ತೇವೆ ಎಂದರು. ಹೇಳಲಿಲ್ಲ. ಆದರೆ ಕಂಪನಿಯವರು ಅಭಿಪ್ರಾಯ ಕೇಳಿ ಕಳಿಸಿದ ಸಂದೇಶಕ್ಕೆ ಬಸವರಾಜಪ್ಪ ಉತ್ತರ ಕೊಟ್ಟಿದ್ದರು. ಐದಕ್ಕೆ ಐದು ಚುಕ್ಕೆ. ಊಟ ಚಲೋ ಇತ್ತು, ಸಿಬ್ಬಂದಿ ಮನೆಯವರ ಹಾಗೆ ನೋಡಿಕೊಂಡರು, ನಮ್ಮ ಭಾಷೆಯಲ್ಲೇ ಮಾತಾಡಿಸಿದರು. ಅವರ ಮಟ್ಟಿಗೆ ಇದರಲ್ಲಿ ಸುಳ್ಳಿಲ್ಲ. ಮನೆಗೆ ಮುಟ್ಟಿದ ಮೇಲೆ ಅದು ಅವರಿಗೆ ಹೇಳಿ ನಗಿಸುವ ಕಥೆಯಾಗಿತ್ತು. ನರಗುಂದದಲ್ಲಿ ಒಂದು ಮದುವೆಯ ಪಂಕ್ತಿಯಲ್ಲಿ ಅವರು ಅದನ್ನು ಹೇಳುವುದನ್ನು ನಾನೇ ಕೇಳಿದೆ. ಕಥೆಯಲ್ಲಿ ನಾನಿರಲಿಲ್ಲ.

ಮಾರ್ಚಿನಲ್ಲಿ ಕೆಲಸ ಬಿಟ್ಟೆ. ನಿಮಗೆ ಹೇಳಬೇಕಾದದ್ದು ಇಷ್ಟು: ದೋಣಿ ಹತ್ತಿ ನೋಡಿ, ಎರಡನೆಯ ದಾರಿಯಲ್ಲಿ ತೂರಿ ಬನ್ನಿ, ಹಲಗೆಯ ಮೊಳೆಗಳನ್ನು ನೋಡಿ. ನೋಡಿದ ಮೇಲೆ ‘ಬೇಡ’ ಎಂದು ಬರೆಯಿರಿ. ಬರೆದದ್ದರಿಂದ ಏನಾದರೂ ಆಗುತ್ತದೆ ಎಂದು ನಾನು ಹೇಳಲಾರೆ.

ಈ ಸೀಸನ್ನಿನ ಪಟ್ಟಿಯನ್ನು ಮೊನ್ನೆ ತೆಗೆದು ನೋಡಿದೆ. ನೀಲಿ ದೋಣಿ ಮೊದಲ ಪುಟದಲ್ಲಿದೆ, ದರ ಇನ್ನಷ್ಟು ಇಳಿಸಿದ್ದಾರೆ. ಜನರ ಗದ್ದಲವಿರುವ ವಾರಗಳೆಲ್ಲ ಭರ್ತಿ. ನಮ್ಮ ಕಡೆಯವರೇ ಹೆಚ್ಚು ಎಂದು ಆಫೀಸಿನ ಹಳೆಯ ಗೆಳತಿ ಹೇಳಿದಳು. ಫೋಟೋದಲ್ಲಿ ಹಲಗೆ ಕಾಣುತ್ತದೆ, ಟವೆಲು ತೆಗೆದಿದ್ದಾರೆ, ಮೊಳೆಗಳು ಖಾಲಿ. ಕೆಳಗೆ ಹೊಸದಾಗಿ ಒಂದು ಸಾಲು ಸೇರಿಸಿದ್ದಾರೆ, ದಪ್ಪ ಅಕ್ಷರದಲ್ಲಿ: ‘ದೋಣಿಯ ಸಿಬ್ಬಂದಿಗೆ ಕನ್ನಡ ಬರುತ್ತದೆ.’

ಆ ದೋಣಿಯಲ್ಲಿ ಈಗ ಮಾರ್ಕೊ ಕೂಡ ಇಲ್ಲ, ನಮ್ಮನ್ನು ದಡ ಮುಟ್ಟಿಸಿದ ವಾರವೇ ಬಿಟ್ಟು ಹೋದನಂತೆ. ಹೋಗುವ ಮುಂಚೆ ಹೊಸಬನಿಗೆ ಹೆಸರು ಕೂಗುವ ಹಾಳೆ ಕೊಟ್ಟು, ಉತ್ತರ ‘ಬಂದೆ’ ಎಂದು ಬರಬೇಕೆಂದು ಹೇಳಿಕೊಟ್ಟಿದ್ದಾನೆ. ಉಳಿದದ್ದನ್ನೂ ಹೇಳಿದನೋ ಇಲ್ಲವೋ ಎಂದು ಗೆಳತಿಯನ್ನು ಕೇಳಿದೆ. ಉಳಿದದ್ದು ಅಂದರೆ ಏನು ಎಂದು ಅವಳು ಕೇಳಿದಳು.